ಒಳಗೆ ಸನ್ನಡತೆ, ಹೊರಗೆ ವೆರಿಫಿಕೇಷನ್

ಕೋರಮಂಗಲ ಎಂದೊಡನೆ ಬೆಂಗಳೂರಿನವರ ಕಣ್ಣಮುಂದೆ ಬರುವುದು ಸಾಫ್ಟ್‌ವೇರ್ ಕಂಪನಿ, ಕಾಫಿ ಅಂಗಡಿ, ಕೈಗೆಟುಕದ ಬಾಡಿಗೆ. ಅದೇ ಹೆಸರಿನ ಇನ್ನೊಂದು ಊರು ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಕರ್ನಾಟಕದ ಏಕೈಕ ಬಯಲು ಬಂದೀಖಾನೆ ಇರುವುದು ಅಲ್ಲಿ. ಸೆಂಟ್ರಲ್ ಜೈಲಿನ ಎತ್ತರದ ಗೋಡೆ, ಸಾಲು ಸಾಲು ಬ್ಯಾರಕ್ಕು ಇಲ್ಲಿಲ್ಲ. ಹೊಲ, ತೋಟ, ಹಸು, ಸಂಜೆಯ ಹಾಜರಿ ಇಷ್ಟೇ. ಇರುವ ಜಾಗ ಸುಮಾರು 80 ಮಂದಿಗೆ. ಶಿಕ್ಷೆಯ ಬಹುಪಾಲು ಮುಗಿಸಿ, ನಡತೆ ಚೆನ್ನಾಗಿದೆ ಎನ್ನಿಸಿಕೊಂಡ ಕೈದಿಗಳು ಆಯ್ಕೆಯಾಗಿ ಇಲ್ಲಿಗೆ ಬರುತ್ತಾರೆ. ಊರಿಗೆ ಮರಳುವ ಮೊದಲು ಬಯಲಿನ ಗಾಳಿ, ಮಣ್ಣಿನ ಕೆಲಸ ರೂಢಿಯಾಗಲಿ ಎಂಬುದು ಇದರ ಹಿಂದಿನ ಲೆಕ್ಕ.

ಆ ಲೆಕ್ಕ ಹಾಕಿದ ಕಾಲಕ್ಕೆ ದೇವನಹಳ್ಳಿ ಸುತ್ತ ಕಾಣುತ್ತಿದ್ದುದು ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಚಕ್ಕೋತದ ಮರ. ಬೇಸಾಯ ಕಲಿತು ಹೊರಬಂದವನಿಗೆ ಮಾಡಲು ಬೇಸಾಯವೇ ಇತ್ತು. 2008ರ ಮೇ ತಿಂಗಳಲ್ಲಿ ಅದೇ ತಾಲ್ಲೂಕಿನಲ್ಲಿ ವಿಮಾನ ಇಳಿಯತೊಡಗಿತು. ಹೊಲಗಳು ಲೇಔಟ್ ಆದವು, ಗೋದಾಮು ಆದವು, ಕೈಗಾರಿಕಾ ಪ್ರದೇಶ ಆದವು. ಇವತ್ತು ಜಿಲ್ಲೆಯಲ್ಲಿ ಹೊಸದಾಗಿ ಹುಟ್ಟುವ ಕೆಲಸಗಳಿಗೆಲ್ಲ ಒಂದು ಗೇಟಿದೆ. ಆ ಗೇಟಿನಲ್ಲಿ ಗುರುತಿನ ಚೀಟಿಯ ಜೊತೆ ಪೊಲೀಸ್ ವೆರಿಫಿಕೇಷನ್ ಕಾಗದ ಕೇಳುತ್ತಾರೆ. ಒಳಗೆ ಕಲಿಸುವುದು ನೇಗಿಲು, ಹೊರಗೆ ಕೇಳುವುದು ಪಾಸು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಜೈಲಿನಿಂದ ಬಂದವನ ಕೆಲಸದ ಪ್ರಶ್ನೆ ಈ ಜಾಗದಲ್ಲಿ ನಿಂತಿದೆ. ಸಮಾಜದ ಮನಸ್ಸು ಬದಲಾಗಬೇಕು ಎಂದು ಭಾಷಣಗಳಲ್ಲಿ ಹೇಳುವುದುಂಟು. ಆದರೆ ಮನಸ್ಸು ಕರಗಿದ ಮಾಲೀಕನೂ ಕೆಲಸ ಕೊಡಲಾಗದಂತೆ ಕಾನೂನು, ಗುತ್ತಿಗೆ ಮತ್ತು ಕಾಗದ ಸೇರಿ ಕಟ್ಟಿಹಾಕಿರುವುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಒಳಗಿನ ಕೆಲಸ, ಒಳಗಿನ ಕೂಲಿ

ಜೈಲಿನೊಳಗೆ ಕೆಲಸಕ್ಕೆ ಬರವಿಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರ ಸೇರಿದಂತೆ ರಾಜ್ಯದ ಕೇಂದ್ರ ಕಾರಾಗೃಹಗಳಲ್ಲಿ ನೇಯ್ಗೆ, ಬಡಗಿ ಕೆಲಸ, ಹೊಲಿಗೆ, ಮುದ್ರಣ, ಬೇಕರಿ ಇಂಥ ಕಸುಬುಗಳು ನಡೆಯುತ್ತವೆ. ಕಠಿಣ ಶಿಕ್ಷೆಯಾದವನು ದುಡಿಯಲೇಬೇಕು. ಆದರೆ ಬಿಟ್ಟಿಯಾಗಿ ದುಡಿಸುವಂತಿಲ್ಲ, ನ್ಯಾಯವಾದ ಕೂಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿತು. ಆ ಕೂಲಿಯಲ್ಲಿ ಒಂದು ಪಾಲು ಅಪರಾಧದಿಂದ ನೊಂದವರಿಗೆ ಸಲ್ಲಬೇಕು ಎಂಬುದೂ ಅದೇ ತೀರ್ಪಿನ ಮಾತು.

ಕೂಲಿಯ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಈಚಿನ ಪರಿಷ್ಕರಣೆಯಲ್ಲಿ ಕೌಶಲವಿಲ್ಲದ ಕೈದಿಗೆ ದಿನಕ್ಕೆ 524 ರೂಪಾಯಿ, ಅರೆ ಕುಶಲನಿಗೆ 548, ಕುಶಲನಿಗೆ 615, ಹೆಚ್ಚಿನ ಕುಶಲನಿಗೆ 663 ರೂಪಾಯಿ ನಿಗದಿಯಾಯಿತು. ದೇಶದಲ್ಲೇ ಕೈದಿಗಳಿಗೆ ಹೆಚ್ಚು ಕೂಲಿ ಕೊಡುವ ರಾಜ್ಯ ಎಂದು ಪತ್ರಿಕೆಗಳು ಬರೆದವು. ಓದಿದವರಲ್ಲಿ ಹಲವರ ಪ್ರತಿಕ್ರಿಯೆ, 'ನಮಗಿಂತ ಅವರೇ ವಾಸಿ'. ಈ ಗೊಣಗಾಟವನ್ನು ತಳ್ಳಿಹಾಕುವಂತಿಲ್ಲ. ಹೊರಗೆ ಮೈಮುರಿದು ದುಡಿದರೂ ಇಷ್ಟು ಸಿಗದ ಕೂಲಿಕಾರರು ಇದೇ ಜಿಲ್ಲೆಯಲ್ಲಿದ್ದಾರೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಒಳಗೆ ದಿನಕ್ಕೆ 615 ರೂಪಾಯಿಯ ಕುಶಲ ಕೆಲಸಗಾರ ಎನಿಸಿಕೊಂಡವನು ಬಿಡುಗಡೆಯಾದ ಮರುದಿನ ಯಾವ ಕುಶಲತೆಯೂ ಇಲ್ಲದವನಾಗಿಬಿಡುತ್ತಾನೆ. ಹತ್ತು ವರ್ಷ ಎಲ್ಲಿ ಕೆಲಸ ಮಾಡಿದೆ ಎಂದು ಕೇಳಿದರೆ ಹೇಳಲು ಒಂದೇ ಉತ್ತರ, ಆ ಉತ್ತರ ಕೇಳಿದವರು ಮುಂದಿನ ಪ್ರಶ್ನೆ ಕೇಳುವುದಿಲ್ಲ.

'ಸನ್ನಡತೆ' ಎಂಬ ಮಾತನ್ನೇ ನೋಡಿ. ಜೀವಾವಧಿ ಕೈದಿಗಳನ್ನು ಅವಧಿಗೆ ಮುನ್ನ ಬಿಡುವಾಗ ಸರ್ಕಾರ ಬಳಸುವ ಪದವಿದು. ಕೊಲೆಯಂಥ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದವರು ಕನಿಷ್ಠ 14 ವರ್ಷ ಒಳಗಿರಬೇಕು ಎಂಬ ಕಾನೂನಿದೆ. ಅದು ಕಳೆದ ಮೇಲೆ ನಡತೆಯ ವರದಿ, ಸಮಿತಿ, ಸಂಪುಟ, ರಾಜ್ಯಪಾಲರ ಅಂಕಿತ ಎಲ್ಲ ದಾಟಿ, ಸಾಮಾನ್ಯವಾಗಿ ಗಣರಾಜ್ಯೋತ್ಸವ ಅಥವಾ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಬಿಡುಗಡೆಯ ಪಟ್ಟಿ ಹೊರಬೀಳುತ್ತದೆ. ಇವನು ಇನ್ನು ಊರಲ್ಲಿ ಬಾಳಬಲ್ಲ ಎಂದು ಇಷ್ಟೆಲ್ಲ ಕಚೇರಿಗಳು ಒಪ್ಪಿ ಬಿಟ್ಟವನನ್ನು, ಅದೇ ಸರ್ಕಾರದ ಇನ್ನೊಂದು ಕಚೇರಿಯ ಕಾಗದ ಕಾರ್ಖಾನೆಯ ಬಾಗಿಲಲ್ಲಿ ತಡೆಯುತ್ತದೆ.

ಬಯಲು ಜೈಲಿನ ಬೇರು

ಬಯಲು ಬಂದೀಖಾನೆಯ ಕಥೆಗೂ ಬೆಂಗಳೂರಿಗೂ ಅನಿರೀಕ್ಷಿತ ನಂಟೊಂದಿದೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಎಲೆಕ್ಟ್ರಿಕ್ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ನಡೆಸುತ್ತಿದ್ದವರು ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೈಡ್‌ಮನ್. ಗಾಂಧೀಜಿಯ ಪ್ರಭಾವಕ್ಕೆ ಒಳಗಾದ ಅವರು ಇಲ್ಲಿಂದ ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಎಂಬ ಪುಟ್ಟ ಸಂಸ್ಥಾನಕ್ಕೆ ಹೋದರು. ಅಲ್ಲಿನ ಆಟಪಾಡಿಯ ಬಳಿ 1939ರ ಸುಮಾರಿಗೆ ಸ್ವತಂತ್ರಪುರ ಎಂಬ ಬೇಲಿಯಿಲ್ಲದ ಕೈದಿಗಳ ಬಡಾವಣೆ ಎದ್ದಿತು. ವಿ. ಶಾಂತಾರಾಮ್ 1957ರಲ್ಲಿ ತೆಗೆದ 'ದೋ ಆಂಖೇ ಬಾರಹ್ ಹಾಥ್' ಚಿತ್ರಕ್ಕೆ ಪ್ರೇರಣೆ ಈ ಪ್ರಯೋಗವೇ. ಚಿತ್ರದಲ್ಲಿ ಆರು ಕೊಲೆಗಾರರು ಬರಡು ನೆಲದಲ್ಲಿ ತರಕಾರಿ ಬೆಳೆದು ಪೇಟೆಗೆ ಒಯ್ಯುತ್ತಾರೆ. ಕಡಿಮೆ ಬೆಲೆಗೆ ಮಾರಿದ್ದಕ್ಕೆ ಪೇಟೆಯ ವ್ಯಾಪಾರಿ ಅವರನ್ನು ಹೊಡೆಸುತ್ತಾನೆ. ನೆಲ ಒಪ್ಪಿಕೊಂಡಿತು, ಪೇಟೆ ಒಪ್ಪಿಕೊಳ್ಳಲಿಲ್ಲ. ಇವತ್ತಿನ ಸಮಸ್ಯೆಯ ಅರ್ಧ ಆ ಒಂದು ದೃಶ್ಯದಲ್ಲೇ ಇದೆ.

ಸ್ವಾತಂತ್ರ್ಯಾನಂತರ ಉತ್ತರ ಪ್ರದೇಶದಲ್ಲಿ ರಾಜಕಾರಣಿ ಸಂಪೂರ್ಣಾನಂದರ ಆಸಕ್ತಿಯಿಂದ 1952ರಲ್ಲಿ ಕೈದಿಗಳ ಬಯಲು ಶಿಬಿರ ನಡೆಯಿತು, ಕೈದಿಗಳು ಚಂದ್ರಪ್ರಭಾ ನದಿಯ ಅಣೆಕಟ್ಟೆಗೆ ದುಡಿದರು. ರಾಜಸ್ಥಾನ ಇನ್ನೂ ಮುಂದೆ ಹೋಯಿತು. ಜೈಪುರದ ಸಾಂಗಾನೇರಿನಲ್ಲಿ 1963ರಿಂದ ನಡೆಯುತ್ತಿರುವ ಬಯಲು ಜೈಲಿನಲ್ಲಿ ಕೈದಿಗಳು ಹೆಂಡತಿ ಮಕ್ಕಳೊಂದಿಗೆ ವಾಸಿಸುತ್ತಾರೆ. ಬೆಳಿಗ್ಗೆ ಎದ್ದು ನಗರದಲ್ಲಿ ತಾವೇ ಹುಡುಕಿಕೊಂಡ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಹಾಜರಿ ಕೂಗುವ ಹೊತ್ತಿಗೆ ಮರಳುತ್ತಾರೆ. ಬಿಡುಗಡೆಯ ದಿನ ಅವರ ಕೈಯಲ್ಲಿ ಆಗಲೇ ಒಂದು ಕೆಲಸ, ಪರಿಚಯದ ಮಾಲೀಕ, ಮಕ್ಕಳಿಗೆ ಶಾಲೆ ಇರುತ್ತದೆ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬರು ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ರಾಮಮೂರ್ತಿ ಪ್ರಕರಣದ ತೀರ್ಪು ದೇಶದ ಜೈಲುಗಳ ಒಂಬತ್ತು ರೋಗಗಳನ್ನು ಪಟ್ಟಿ ಮಾಡಿತು. ಕಿಕ್ಕಿರಿದ ಜನ, ವಿಚಾರಣೆಯ ವಿಳಂಬ, ಹಿಂಸೆ, ಅನಾರೋಗ್ಯ, ಊಟ ಬಟ್ಟೆಯ ಕೊರತೆ ಎಂದು ಸಾಗುವ ಆ ಪಟ್ಟಿಯ ಕೊನೆಯಲ್ಲಿ ಇರುವುದು ಬಯಲು ಬಂದೀಖಾನೆಗಳ ನಿರ್ವಹಣೆ. ಆ ಪತ್ರ ಹೊರಟ ಹಳೆಯ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ಬಯಲು ಬಂದೀಖಾನೆ ಮಾತ್ರ ರಾಜ್ಯಕ್ಕೆಲ್ಲ ಒಂದೇ ಉಳಿದಿದೆ. ಅಲ್ಲಿಯೂ ಕೈದಿ ದುಡಿಯುವುದು ಮುಖ್ಯವಾಗಿ ಬಂದೀಖಾನೆಯದೇ ಹೊಲದಲ್ಲಿ.

ನಾಲ್ಕು ತಾಲ್ಲೂಕು, ಹತ್ತಾರು ಗೇಟು

ಜಿಲ್ಲೆಯ ಕೆಲಸದ ಪೇಟೆಯನ್ನು ಒಂದು ಸುತ್ತು ಹಾಕಿದರೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ತಿಳಿಯುತ್ತದೆ.

ದೇವನಹಳ್ಳಿಯಿಂದಲೇ ಶುರು ಮಾಡೋಣ. ವಿಮಾನ ನಿಲ್ದಾಣದ ಒಳಗೆ ಕಸ ಗುಡಿಸುವವರಿಂದ ಹಿಡಿದು ಸಾಮಾನು ಹೊರುವವರವರೆಗೆ ಎಲ್ಲರಿಗೂ ಪ್ರವೇಶ ಪಾಸು ಬೇಕು. ನಾಗರಿಕ ವಿಮಾನಯಾನ ಭದ್ರತಾ ವ್ಯವಸ್ಥೆಯಡಿ ಕೊಡುವ ಆ ಪಾಸಿಗೆ ಹಿನ್ನೆಲೆ ತಪಾಸಣೆ ಕಡ್ಡಾಯ. ಭದ್ರತೆಯ ದೃಷ್ಟಿಯಿಂದ ಇದನ್ನು ಪ್ರಶ್ನಿಸುವುದು ಕಷ್ಟ. ಆದರೆ ತಾಲ್ಲೂಕಿನ ಅತಿ ದೊಡ್ಡ ಉದ್ಯೋಗದ ಬಾಗಿಲು ಇದೇ ಎಂಬುದೂ ಅಷ್ಟೇ ನಿಜ.

ಎರಡನೆಯದು ಸೆಕ್ಯೂರಿಟಿ ಗಾರ್ಡ್ ಕೆಲಸ. ಅಪಾರ್ಟ್‌ಮೆಂಟು, ವಿಲ್ಲಾ, ಗೋದಾಮು, ಶಾಲೆ ಎದ್ದಲ್ಲೆಲ್ಲ ನೀಲಿ ಸಮವಸ್ತ್ರದವರು ಬೇಕು. ಹೆಚ್ಚು ಓದು ಬೇಡ, ವಯಸ್ಸಾದವರಿಗೂ ಸಿಗುತ್ತದೆ. ಜಮೀನು ಮಾರಿದ ಎಷ್ಟೋ ರೈತರು ಕೊನೆಗೆ ಸೇರಿದ್ದು ಇದಕ್ಕೇ. ಜೈಲಿನಿಂದ ಬಂದವನಿಗೆ ಮಾತ್ರ ಇದು ಕಾನೂನಿನಿಂದಲೇ ಮುಚ್ಚಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ನ್ಯಾಯಾಲಯದಲ್ಲಿ ಅಪರಾಧಿ ಎಂದು ತೀರ್ಮಾನವಾದವನನ್ನು ಗಾರ್ಡ್ ಆಗಿ ನೇಮಿಸುವಂತಿಲ್ಲ. ಯಾವ ಅಪರಾಧ, ಎಷ್ಟು ವರ್ಷದ ಹಿಂದಿನದು ಎಂಬ ವಿವೇಚನೆಗೆ ಆ ಮಾತಿನಲ್ಲಿ ಜಾಗವಿಲ್ಲ.

ಮೂರನೆಯದು ಸ್ಟಿಯರಿಂಗ್. ಆ್ಯಪ್ ಆಧಾರಿತ ಟ್ಯಾಕ್ಸಿಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹಿಂದಿನ ಏಳು ವರ್ಷಗಳಲ್ಲಿ ಕುಡಿದು ಓಡಿಸಿದ, ವಂಚನೆ, ಕಳವು, ಹಿಂಸೆ, ಲೈಂಗಿಕ ಅಪರಾಧದಂಥ ಪ್ರಕರಣಗಳಲ್ಲಿ ಶಿಕ್ಷೆಯಾದವರನ್ನು ಚಾಲಕರಾಗಿ ಸೇರಿಸಿಕೊಳ್ಳಬಾರದು ಎಂದಿತು. ಇಲ್ಲಿ ಏಳು ವರ್ಷ ಎಂಬ ಗಡಿಯಾದರೂ ಇತ್ತು. ಕಾಯಲು ಹೊಟ್ಟೆ ಒಪ್ಪಬೇಕಿತ್ತು ಅಷ್ಟೆ.

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಹೊಸಕೋಟೆಯ ಪಿಳ್ಳಗುಂಪ, ನೆಲಮಂಗಲದ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲು ಗುತ್ತಿಗೆಯವರು. ಕಂಪನಿಗೂ ಕೆಲಸಗಾರನಿಗೂ ನಡುವೆ ಕಂಟ್ರಾಕ್ಟರ್ ಇರುತ್ತಾನೆ. ಕಂಪನಿಯವರು ಕಂಟ್ರಾಕ್ಟರ್ ಕಡೆ ತೋರಿಸುತ್ತಾರೆ, ಕಂಟ್ರಾಕ್ಟರ್ ಕಂಪನಿಯ ನಿಯಮ ತೋರಿಸುತ್ತಾನೆ. ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪತ್ರ ಪಡೆಯುವುದು ಸುಲಭವಾದ ಮೇಲೆ ಅದನ್ನು ಕೇಳುವುದೂ ಸುಲಭವಾಗಿದೆ. ಹಿಂದೆ ಬ್ಯಾಂಕು, ಪಾಸ್‌ಪೋರ್ಟಿಗೆ ಬೇಕಾಗಿದ್ದ ತಪಾಸಣೆ ಈಗ ಡಬ್ಬ ಹೊರುವ ಕೆಲಸಕ್ಕೂ ಬಂದಿದೆ.

ಹಾಗಾದರೆ ತೆರೆದಿರುವ ಬಾಗಿಲು? ಇವೆ, ಕಾಗದಕ್ಕಿಂತ ಮುಖಕ್ಕೆ ಬೆಲೆ ಇರುವ ಕಡೆ. ದೊಡ್ಡಬಳ್ಳಾಪುರದ ಗಲ್ಲಿಗಳಲ್ಲಿ ಮನೆಮನೆಗೂ ಮಗ್ಗ. ಹತ್ತಾರು ವಿದ್ಯುತ್ ಮಗ್ಗ ಇಟ್ಟುಕೊಂಡ ಮಾಲೀಕ ಕಂಡಿಕೆ ಸುತ್ತಲು, ಸೀರೆ ನೇಯಲು ಆಳು ಬೇಕಾದಾಗ ಕೇಳುವುದು 'ಯಾರ ಕಡೆಯವನು?' ಎಂದು. ವಾರದ ಬಟವಾಡೆ, ಸೀರೆ ಲೆಕ್ಕದ ಕೂಲಿ. ಜೈಲಿನಲ್ಲಿ ನೇಯ್ಗೆ ಕಲಿತವನಿಗೆ ಇಲ್ಲಿ ಕೈ ಆಡುತ್ತದೆ. ನೆಲಮಂಗಲದಲ್ಲಿ ತುಮಕೂರು ರಸ್ತೆಯೂ ಹಾಸನ ರಸ್ತೆಯೂ ಕವಲೊಡೆಯುವ ಕಡೆ ಲಾರಿ, ಹಮಾಲಿ, ಗ್ಯಾರೇಜು, ಢಾಬಾ. ಹೊಸಕೋಟೆಯಲ್ಲಿ ಬೆಳಗಿನ ಜಾವವೇ ಬಿರಿಯಾನಿಗೆ ಸಾಲು ನಿಲ್ಲುತ್ತದೆ. ನಡುರಾತ್ರಿ ಎದ್ದು ಒಲೆ ಉರಿಸುವವನ ಪೂರ್ವಾಪರ ಯಾರೂ ಕೇಳುವುದಿಲ್ಲ. ಕಟ್ಟಡ ಕೆಲಸ, ಕೋಳಿ ಫಾರಂ, ಹೂವಿನ ಪಾಲಿಹೌಸ್, ಇಟ್ಟಿಗೆ ಗೂಡು ಇವೂ ಹೀಗೆಯೇ. ಆದರೆ ಈ ಕೆಲಸಗಳಲ್ಲಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ನಾಳೆ ಬಾ ಎಂಬ ಭರವಸೆಯೂ ಇಲ್ಲ. ಪ್ರಶ್ನೆ ಕೇಳದ ಕೆಲಸ ರಕ್ಷಣೆಯನ್ನೂ ಕೊಡುವುದಿಲ್ಲ.

ಸರ್ಕಾರಿ ಕೆಲಸದ ಮಾತು ಬೇರೆ. ಅಲ್ಲಿ ಹಳೆಯ ಪ್ರಕರಣಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ಕೆಲಸ ಕಳೆದುಕೊಂಡವರು ಬಹಳ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ನೇಮಕಾತಿ ಅಧಿಕಾರಿ ಮನ್ನಿಸಬಹುದು, ಆದರೆ ಅಭ್ಯರ್ಥಿ ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು ಎಂದಿತು. ಪ್ರೊಬೇಷನ್ ಮೇಲೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಎಂದು 1958ರ ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಬಾಲಾಪರಾಧದ ದಾಖಲೆ ಭವಿಷ್ಯಕ್ಕೆ ಅಡ್ಡಿಯಾಗಬಾರದು ಎಂಬುದು 2015ರ ಬಾಲ ನ್ಯಾಯ ಕಾಯ್ದೆಯ ತತ್ವ. ಶಿಕ್ಷೆ ಪೂರ್ತಿ ಅನುಭವಿಸಿ ಬಂದ ವಯಸ್ಕನಿಗೆ ಇಂಥ ಆಸರೆಯ ಕಾನೂನು ಇಲ್ಲ.

ಊರ ಬಾಯಿ

ಜೈಲಿಗೆ ಕನ್ನಡದಲ್ಲಿ ಹೆಸರು ಹಲವು. ಮಾವನ ಮನೆ, ಶ್ರೀಕೃಷ್ಣ ಜನ್ಮಸ್ಥಾನ, ಸರ್ಕಾರಿ ಮುದ್ದೆ. 'ಮುದ್ದೆ ಮುರಿಯೋಕೆ ಹೋಗಿದ್ದ' ಎಂದರೆ ಗ್ರಾಮಾಂತರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈ ಮಾತುಗಳಲ್ಲಿ ನಗೆಯಿದೆ, ಒಂದು ಬಗೆಯ ಸಲಿಗೆಯೂ ಇದೆ. ಹಳ್ಳಿಯಲ್ಲಿ ಜಮೀನಿನ ಜಗಳ, ಬದುವಿನ ಹೊಡೆದಾಟ, ಹಬ್ಬದ ಗಲಾಟೆಯಲ್ಲಿ ಒಳಗೆ ಹೋದವನನ್ನು ಕಳ್ಳನಂತೆ ಕಾಣುವುದಿಲ್ಲ. 'ಪಾಪ, ಆ ಗಳಿಗೆ ಹಾಗಿತ್ತು' ಎನ್ನುತ್ತಾರೆ. ಕಳವಿಗೆ ಹೋದವನಿಗೆ ಆ ಪಾಪವಿಲ್ಲ. ಲೈಂಗಿಕ ಅಪರಾಧಕ್ಕೆ ಊರೇ ಬಾಗಿಲು ಹಾಕುತ್ತದೆ. ಕೆಲಸ ಕೊಡುವವರ ಎಣಿಕೆ ಇದಕ್ಕೆ ತದ್ವಿರುದ್ಧವಾಗುವುದುಂಟು. ಕೊಲೆ ಎಂಬ ಮಾತು ಕೇಳಿದೊಡನೆ ಕಾರ್ಖಾನೆಯ ಎಚ್‌ಆರ್ ಬೆಚ್ಚುತ್ತಾನೆ, ತೋಟದ ಯಜಮಾನ 'ಕೈ ಶುದ್ಧ ಇದೆಯಲ್ಲ, ಸಾಕು' ಎನ್ನುತ್ತಾನೆ.

ಮಾಲೀಕರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು 'ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ?' ಇದರಲ್ಲಿ ದ್ವೇಷಕ್ಕಿಂತ ಹೆಚ್ಚಾಗಿ ಹೊಣೆಯ ಭಯವಿದೆ. ಭಯಕ್ಕೆ ಕಾರಣಗಳೂ ಇವೆ. 2013ರ ನವೆಂಬರ್ 19ರಂದು ಬೆಂಗಳೂರಿನ ಎಟಿಎಂ ಒಂದರೊಳಗೆ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆ ನಡೆದದ್ದನ್ನು ಕ್ಯಾಮೆರಾದ ಮೂಲಕ ಇಡೀ ದೇಶ ನೋಡಿತು. ವರ್ಷಗಳ ನಂತರ ಸಿಕ್ಕ ಆರೋಪಿ ಆಂಧ್ರದ ಜೈಲಿನಿಂದ ತಪ್ಪಿಸಿಕೊಂಡಿದ್ದವನು. ತಪ್ಪಿಸಿಕೊಂಡವನಿಗೂ ಸನ್ನಡತೆಯ ಮೇಲೆ ಬಿಟ್ಟವನಿಗೂ ಇರುವ ಅಂತರ ದೊಡ್ಡದು. ಆದರೆ ಟಿವಿ ನೋಡಿದವರ ನೆನಪಿನಲ್ಲಿ ಉಳಿದದ್ದು 'ಜೈಲಿನವನು' ಎಂಬುದು ಮಾತ್ರ.

ಇನ್ನೊಂದು ಕಡೆ 'ರಾಜಾತಿಥ್ಯ' ಎಂಬ ಪದ. ಪರಪ್ಪನ ಅಗ್ರಹಾರದಲ್ಲಿ ಪ್ರಭಾವಿಗಳಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು 2017ರಲ್ಲಿ ಆಗಿನ ಡಿಐಜಿ ಡಿ. ರೂಪಾ ಕೊಟ್ಟ ವರದಿ, 2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಜೈಲಿನ ಅಂಗಳದಲ್ಲಿ ಕುಳಿತಿದ್ದ ಫೋಟೊ ಇವೆಲ್ಲ ಜೈಲಿನ ಬಗ್ಗೆ ಜನರ ಕಲ್ಪನೆಯನ್ನು ಬದಲಿಸಿದವು. ಒಳಗೆ ಮಜವಾಗಿದ್ದು ಬಂದವನಿಗೆ ಹೊರಗೆ ಸಹಾಯ ಏಕೆ ಎಂಬ ಪ್ರಶ್ನೆ ಎದ್ದದ್ದು ಹೀಗೆ. ಹತ್ತು ಜನ ಪ್ರಭಾವಿಗಳ ಸುಖದ ಲೆಕ್ಕವನ್ನು ಬಡ ಕೈದಿ ತೀರಿಸಬೇಕಾಗಿದೆ.

ಪೊಲೀಸ್ ಠಾಣೆಯ ನೆರಳು ಬೇರೆಯೇ ಉಂಟು. ರೌಡಿ ಪಟ್ಟಿಯಲ್ಲಿ ಹೆಸರಿದ್ದವನನ್ನು ಹಬ್ಬಕ್ಕೆ, ಚುನಾವಣೆಗೆ, ಗಲಾಟೆಯಾದಾಗಲೆಲ್ಲ ಪರೇಡಿಗೆ ಕರೆಯುತ್ತಾರೆ. ಪಾಳಿಯ ಕೆಲಸದಲ್ಲಿರುವವನು ಎರಡು ಸಲ ಠಾಣೆಗೆ ಹೋಗಿ ಬಂದರೆ ಮೂರನೆಯ ಸಲ ಸೂಪರ್‌ವೈಸರ್ ಕಾರಣ ಕೇಳುತ್ತಾನೆ. ಮರುದಿನದಿಂದ ಪಾಳಿ ಇರುವುದಿಲ್ಲ.

ಹೆಸರು ಅಂಟಿಕೊಳ್ಳುವುದಕ್ಕೆ ಕರ್ನಾಟಕದ ಹಳೆಯ ಸಾಕ್ಷಿ ಹುಬ್ಬಳ್ಳಿಯಲ್ಲಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸಿತು. ಮುಂಬಯಿ ಪ್ರಾಂತದ ಕಾಲದಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರಿಗೆ ಬೇಲಿ ಹಾಕಿದ ವಸಾಹತು ಕಟ್ಟಿ, ಹುಬ್ಬಳ್ಳಿಯಲ್ಲಿ ಗಿರಣಿ ಕೆಲಸಕ್ಕೆ ಕಳಿಸಿದರು. ಕೆಲಸ ಕೊಟ್ಟು ಸುಧಾರಿಸುತ್ತೇವೆ ಎಂಬುದೇ ಆಗಿನ ಸಮರ್ಥನೆ. ಕಾಯ್ದೆ 1952ರಲ್ಲಿ ರದ್ದಾಯಿತು, ಬೇಲಿ ಹೋಯಿತು, ಗಿರಣಿಯೂ ಮುಚ್ಚಿತು. 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರು ಉಳಿಯಿತು. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ಕಿತ್ತುಹಾಕಿದ್ದು ಆ ಕಾಯ್ದೆ ರದ್ದಾಗಿ 72 ವರ್ಷ ಕಳೆದ ಮೇಲೆ, 2024ರ ಅಕ್ಟೋಬರ್‌ನಲ್ಲಿ.

ಶಿಕ್ಷೆಯಾಗದವರ ಶಿಕ್ಷೆ

ಇಲ್ಲಿಯವರೆಗೆ ಹೇಳಿದ್ದು ಅಪರಾಧ ಸಾಬೀತಾದವರ ಮಾತು. ದೇಶದ ಜೈಲುಗಳಲ್ಲಿ ಅವರು ಅಲ್ಪಸಂಖ್ಯಾತರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ಒಳಗಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ತೀರ್ಮಾನವಾಗಿಲ್ಲ. ಸರ್ಕಾರಿ ನೌಕರ 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ಅಮಾನತಾಗುತ್ತಾನೆ, ಜೀವನ ನಿರ್ವಹಣಾ ಭತ್ಯೆ ಬರುತ್ತದೆ, ಖುಲಾಸೆಯಾದರೆ ಮರಳುವ ದಾರಿ ಇರುತ್ತದೆ. ಗುತ್ತಿಗೆ ನೌಕರನಿಗೆ ಅಮಾನತು ಎಂಬುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದರೆ ಮುಗಿಯಿತು. ಮೂರು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದವನ ಪರಿಶೀಲನಾ ಪತ್ರದಲ್ಲಿ ಪ್ರಕರಣ ಬಾಕಿ ಇದೆ ಎಂದು ಬರುತ್ತದೆ. ತೀರ್ಪು ಬರುವವರೆಗೆ, ಅಂದರೆ ಎಷ್ಟೋ ವರ್ಷ, ಆ ಸಾಲು ಅಲ್ಲೇ ಇರುತ್ತದೆ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್, ಮೊದಲ ಸಲ ಪ್ರಕರಣಕ್ಕೆ ಸಿಕ್ಕಿದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಜಾಮೀನಿಗೆ ದಾರಿ ಮಾಡಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಇದು ಅನ್ವಯಿಸದು. ಜಾಮೀನಿನ ಹಣ ಕಟ್ಟಲಾಗದ ಬಡವರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಾಬಂದಿಗೆ 25,000 ರೂಪಾಯಿವರೆಗೆ ನೆರವು ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ಬೇಗ ಹೊರಬರಲು ಇವು ಸಹಾಯ ಮಾಡುತ್ತವೆ. ಹೊರಬಂದ ಮೇಲಿನ ಸೋಮವಾರ ಎಲ್ಲಿಗೆ ಕೆಲಸಕ್ಕೆ ಹೋಗುವುದು ಎಂಬುದು ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

ಹೆಂಗಸರ ಸ್ಥಿತಿ ಇನ್ನೂ ಬಿಗಿ. ಕೈದಿಗಳಲ್ಲಿ ಅವರು ನೂರಕ್ಕೆ ನಾಲ್ವರಷ್ಟೇ. ಗಂಡು ಜೈಲಿಗೆ ಹೋದರೆ ಹೆಂಡತಿ ಕಾಯುತ್ತಾಳೆ, ತಿಂಗಳಿಗೊಮ್ಮೆ ಸಂದರ್ಶನಕ್ಕೆ ಬರುತ್ತಾಳೆ. ಹೆಣ್ಣು ಹೋದರೆ ಕಾಯುವವರು ಕಡಿಮೆ, ಮರಳಿದಾಗ ತವರೂ ಹಿಂದೆ ಮುಂದೆ ನೋಡುತ್ತದೆ. ಜಿಲ್ಲೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಬಲ್ಲವರಿಗೆ ಕೆಲಸವಿದೆ, ಜೈಲಿನಲ್ಲೂ ಹೊಲಿಗೆ ಕಲಿಸುತ್ತಾರೆ. ಆದರೆ ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸಿಗದೆ ಕೆಲಸ ಸಿಕ್ಕಿ ಏನು ಪ್ರಯೋಜನ?

ಕಳೆದುಹೋದ ವರ್ಷಗಳು

ದೇವನಹಳ್ಳಿ ಕಡೆಯ ರೈತನೊಬ್ಬ 2008ರಲ್ಲಿ ಒಳಗೆ ಹೋಗಿ 2024ರಲ್ಲಿ ಬಿಡುಗಡೆಯಾದ ಎಂದಿಟ್ಟುಕೊಳ್ಳಿ. ಅವನು ಹೋದಾಗ ಆಧಾರ್ ಇರಲಿಲ್ಲ. ಐನೂರು, ಸಾವಿರದ ಹಳೆ ನೋಟು 2016ರಲ್ಲಿ ರದ್ದಾದವು, ಅದೇ ವರ್ಷ ಯುಪಿಐ ಬಂತು, ಈಗ ಎಳನೀರು ಗಾಡಿಯಲ್ಲೂ ಕ್ಯೂಆರ್ ಹಾಳೆ. ಪಡಿತರ ಚೀಟಿಯಿಂದ ಅವನ ಹೆಸರು ಹೋಗಿದೆ. ಮೊಬೈಲ್ ನಂಬರಿಲ್ಲದೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಜೈಲಿನ ಗೋಡೆಯಿಂದ ಹೊರಬಂದವನು ಸೈಬರ್ ಸೆಂಟರಿನ ಬಾಗಿಲಲ್ಲಿ ನಿಲ್ಲುತ್ತಾನೆ. ಅವನ ಒಂದೂವರೆ ಎಕರೆ ಅಷ್ಟರಲ್ಲಿ ಅಣ್ಣತಮ್ಮಂದಿರ ಪಾಲಿನಲ್ಲಿ ಮಾರಾಟವಾಗಿರಬಹುದು, ಭೂಸ್ವಾಧೀನಕ್ಕೆ ಹೋಗಿರಬಹುದು.

ಜಮೀನು ಉಳಿದಿದ್ದರೆ ಕಥೆ ಬೇರೆ. 2024ರಲ್ಲಿ ರಾಮನಗರ ಜಿಲ್ಲೆಯ ಜೀವಾವಧಿ ಕೈದಿಯೊಬ್ಬನಿಗೆ ತಂದೆಯ ಜಮೀನಿನಲ್ಲಿ ಬೇಸಾಯ ನೋಡಿಕೊಳ್ಳಲು ಕರ್ನಾಟಕ ಹೈಕೋರ್ಟ್ 90 ದಿನಗಳ ಪೆರೋಲ್ ಕೊಟ್ಟಿತು. ಬಿಡುಗಡೆಗೆ ಮೊದಲೇ ಭೂಮಿಯೊಂದಿಗೆ ನಂಟು ಉಳಿಸಿಕೊಡುವ ಈ ಬಗೆಯ ಆದೇಶ ಹತ್ತು ತರಬೇತಿ ಶಿಬಿರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಸ್ವಂತ ಕಸುಬಿದ್ದವರು ಬೇಗ ನೆಲೆಯಾಗುತ್ತಾರೆ ಎಂಬುದಕ್ಕೆ ರಾಜ್ಯದಲ್ಲಿ ಉದಾಹರಣೆಗಳಿವೆ. ಕಲಬುರಗಿ ಕಡೆಯ ವೈದ್ಯ ವಿದ್ಯಾರ್ಥಿಯೊಬ್ಬರು ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೊಳಗಾಗಿ, ಬಿಡುಗಡೆಯ ಬಳಿಕ ಕಾಲೇಜಿಗೆ ಮರಳಿ 2019ರಲ್ಲಿ ಎಂಬಿಬಿಎಸ್ ಮುಗಿಸಿದ್ದು ದೊಡ್ಡ ಸುದ್ದಿಯಾಯಿತು. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಅವರ 'ಸಂಕಲ್ಪ' ತಂಡ ಜೈಲುಗಳಲ್ಲಿ ನಾಟಕ ಕಟ್ಟಿ, ಕೈದಿಗಳನ್ನು ಹೊರಗಿನ ರಂಗಮಂದಿರಗಳಿಗೆ ಕರೆತಂದಿತು. ಗಿರೀಶ ಕಾರ್ನಾಡರ 'ತಲೆದಂಡ', ಮ್ಯಾಕ್‌ಬೆತ್‌ನ ರೂಪಾಂತರವಾದ ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ' ನಾಟಕಗಳನ್ನು ಜೀವಾವಧಿ ಕೈದಿಗಳು ಆಡಿದರು. ನಾಟಕ ಅವರಿಗೆ ಸಂಬಳ ತರಲಿಲ್ಲ. ಟಿಕೆಟ್ ಕೊಂಡು ಬಂದು ಎದುರು ಕುಳಿತವರು ಅವರನ್ನು ನಟರೆಂದು ನೋಡಿದರು, ಅದು ದೊಡ್ಡದು.

ಬೇರೆಯವರು ಮಾಡಿದ್ದೇನು

ದಾಖಲೆಯೊಂದರ ಬೆಲೆ ಎಷ್ಟು ಎಂಬುದನ್ನು ಅಳೆದು ತೋರಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞೆ ದೇವಾ ಪೇಜರ್. ಮಿಲ್ವಾಕಿ ನಗರದಲ್ಲಿ ಸಮಾನ ಅರ್ಹತೆಯ ಯುವಕರನ್ನು ಕೆಲಸ ಕೇಳಲು ಕಳಿಸಿ, ಕೆಲವರಿಗೆ ಜೈಲಿನ ದಾಖಲೆ ಇದೆ ಎಂದು ಹೇಳಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಾಖಲೆಯಿಲ್ಲದ ಬಿಳಿಯರಲ್ಲಿ ಶೇ 34 ಮಂದಿಗೆ ಮರುಕರೆ ಬಂತು, ದಾಖಲೆಯಿದ್ದ ಬಿಳಿಯರಿಗೆ ಶೇ 17. ಕರಿಯರಲ್ಲಿ ಇದು ಶೇ 14 ಮತ್ತು 5. ಜೈಲಿಗೇ ಹೋಗದ ಕರಿಯನಿಗಿಂತ ಜೈಲಿನಿಂದ ಬಂದ ಬಿಳಿಯನಿಗೆ ಹೆಚ್ಚು ಅವಕಾಶ. ಜಾತಿ ಕೇಳಿ ಬಾಡಿಗೆ ಮನೆ ಕೊಡುವ ನಾಡಿನವರಿಗೆ ಇದು ಅರ್ಥವಾಗದ ಅಂಕಿಯಲ್ಲ.

ಬ್ರಿಟನ್ನಿನಲ್ಲಿ 1974ರ ಕಾಯ್ದೆಯೊಂದು, ನಿಗದಿತ ಅವಧಿ ತಪ್ಪಿಲ್ಲದೆ ಕಳೆದವನ ಹಳೆಯ ಶಿಕ್ಷೆಯನ್ನು ಬಹುತೇಕ ಕೆಲಸಗಳಿಗೆ ಹೇಳಬೇಕಾಗಿಲ್ಲ ಎನ್ನುತ್ತದೆ. ಅಲ್ಲಿನ ಟಿಂಪ್ಸನ್ ಎಂಬ ಚಪ್ಪಲಿ ರಿಪೇರಿ, ಬೀಗದ ಕೈ ಮಳಿಗೆಗಳ ಸಂಸ್ಥೆಯಲ್ಲಿ ನೌಕರರ ಸುಮಾರು ಹತ್ತನೇ ಒಂದು ಪಾಲು ಜೈಲಿನಿಂದ ಬಂದವರು. ಅದರ ಮುಖ್ಯಸ್ಥ ಜೇಮ್ಸ್ ಟಿಂಪ್ಸನ್ 2024ರಲ್ಲಿ ಆ ದೇಶದ ಜೈಲು ಮಂತ್ರಿಯಾದರು. ಸಿಂಗಪುರ 2004ರಿಂದ ಹಳದಿ ರಿಬ್ಬನ್ ಅಭಿಯಾನ ನಡೆಸಿ ಮಾಲೀಕರನ್ನು ಒಲಿಸುತ್ತಿದೆ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತೆಲಂಗಾಣದ ಕಾರಾಗೃಹ ಇಲಾಖೆ ತಾನೇ ಪೆಟ್ರೋಲ್ ಬಂಕ್ ನಡೆಸಿ ಬಿಡುಗಡೆಯಾದವರಿಗೂ ಕೆಲಸ ಕೊಡುತ್ತಿದೆ. ದೆಹಲಿಯ ತಿಹಾರ್ ಜೈಲಿನೊಳಗೆ 2011ರಲ್ಲಿ ಕಂಪನಿಗಳು ಬಂದು ಸಂದರ್ಶನ ನಡೆಸಿ ಆಯ್ಕೆ ಮಾಡಿದವು. ತಿಹಾರಿಗೆ ಹೋದ ಕಂಪನಿಗಳಿಗೆ ಪರಪ್ಪನ ಅಗ್ರಹಾರ ದೂರವಾಗಬೇಕಿಲ್ಲ.

ಇವೆಲ್ಲವುಗಳಲ್ಲಿ ಒಂದು ಸಮಾನ ಅಂಶವಿದೆ. ಹೊಣೆಯನ್ನು ಮಾಲೀಕ ಒಬ್ಬನೇ ಹೊರಬೇಕಾಗಿಲ್ಲ, ಸರ್ಕಾರವೋ ಸಂಸ್ಥೆಯೋ ಅದರಲ್ಲಿ ಪಾಲು ಪಡೆದಿದೆ. ಗ್ರಾಮಾಂತರದ ಮಾಲೀಕನ 'ಯಾರು ಜವಾಬ್ದಾರಿ?' ಎಂಬ ಪ್ರಶ್ನೆಗೆ ಅಲ್ಲೆಲ್ಲ ಒಂದು ಉತ್ತರ ಸಿಕ್ಕಿದೆ.

ಇಲ್ಲಿ ಆಗಬಹುದಾದದ್ದು

ಆಕಾಶ ಇಳಿಸುವ ಕೆಲಸವೇನಿಲ್ಲ. ಜೈಲಿನಲ್ಲಿ ದುಡಿದ ವರ್ಷಗಳಿಗೆ 'ಕಾರಾಗೃಹ' ಎಂಬ ಮುದ್ರೆಯಿಲ್ಲದ, ಕೌಶಲ ತರಬೇತಿ ಮಂಡಳಿಯ ಪ್ರಮಾಣಪತ್ರ ಕೊಡಬಹುದು. ಬಿಡುಗಡೆಗೆ ಆರು ತಿಂಗಳ ಮೊದಲೇ ಆಧಾರ್, ಬ್ಯಾಂಕ್ ಖಾತೆ, ಪಡಿತರ ಚೀಟಿಯ ಕೆಲಸ ಮುಗಿಸಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಇದಕ್ಕೆ ಸಾಕು. ಪೊಲೀಸ್ ಪರಿಶೀಲನಾ ಪತ್ರದಲ್ಲಿ ಪ್ರಕರಣ ಬಾಕಿಯೋ, ಖುಲಾಸೆಯೋ, ಶಿಕ್ಷೆ ಮುಗಿದು ಎಷ್ಟು ವರ್ಷವಾಯಿತೋ ಎಂಬುದನ್ನು ಸ್ಪಷ್ಟವಾಗಿ ಬೇರ್ಪಡಿಸಿ ಬರೆಯಬಹುದು. ಸೆಕ್ಯೂರಿಟಿ ಗಾರ್ಡ್ ಕಾಯ್ದೆಯ ಸಾರಾಸಗಟು ನಿಷೇಧಕ್ಕೆ 2020ರ ಟ್ಯಾಕ್ಸಿ ಮಾರ್ಗಸೂಚಿಯಲ್ಲಿದ್ದಂತೆ ಕಾಲಮಿತಿ ಹಾಕುವುದು ಸಂಸತ್ತಿನ ಕೆಲಸ.

ಜಿಲ್ಲೆಯೊಳಗೇ ಆಗಬಹುದಾದ ದೊಡ್ಡ ಬದಲಾವಣೆ ಕೋರಮಂಗಲದ್ದು. ಸಾಂಗಾನೇರಿನ ಕೈದಿ ಜೈಪುರಕ್ಕೆ ಕೆಲಸಕ್ಕೆ ಹೋಗಿ ಬರುವಂತೆ, ಇಲ್ಲಿಯವರು ದೊಡ್ಡಬಳ್ಳಾಪುರದ ಮಗ್ಗಕ್ಕೋ ಹತ್ತಿರದ ಹೂವಿನ ತೋಟಕ್ಕೋ ಬೆಳಿಗ್ಗೆ ಹೋಗಿ ಸಂಜೆ ಹಾಜರಿಗೆ ಮರಳುವ ವ್ಯವಸ್ಥೆ ಮಾಡಬಹುದು. ಆಗ ಮಾಲೀಕನಿಗೆ ಆರು ತಿಂಗಳು ಮನುಷ್ಯನನ್ನು ಕಣ್ಣಾರೆ ನೋಡುವ ಅವಕಾಶ, ಏನಾದರೂ ಆದರೆ ಹೇಳಲು ಒಂದು ಕಚೇರಿ ಇರುತ್ತದೆ. ಕೈದಿಗೆ ಬಿಡುಗಡೆಯ ದಿನ 'ಯಾರ ಕಡೆಯವನು?' ಎಂಬ ಪ್ರಶ್ನೆಗೆ ಹೇಳಲು ಒಂದು ಹೆಸರು ಸಿಗುತ್ತದೆ.

ಇದಕ್ಕೆ ಬೇಕಾದ ಜಾಗ ಕೋರಮಂಗಲದಲ್ಲಿ ಆಗಲೇ ಇದೆ, ದುಡಿಯುವ ಕೈಗಳಿವೆ. ಸುತ್ತಲಿನ ಮಗ್ಗ, ತೋಟ, ಕಾರ್ಖಾನೆಗಳ ಮಾಲೀಕರನ್ನು ಒಂದು ದಿನ ಅಲ್ಲಿಗೆ ಕರೆದು ಕೆಲಸ ತೋರಿಸುವುದರಿಂದ ಕಾರಾಗೃಹ ಇಲಾಖೆಯೂ ಜಿಲ್ಲಾಡಳಿತವೂ ಇದನ್ನು ಶುರು ಮಾಡಲಿ.